ಪ್ರಗತಿ ನೋಟದಲ್ಲಿ ಹಿಂದಕ್ಕೆ ಬಂದ ಮಕ್ಕಳು: ಒಂದು ಕಿರಿಯ ಪ್ರಾಥಮಿಕ ಶಾಲೆಯ ಪ್ರಕರಣ

ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸುಮಾರು ಎರಡು ಶೈಕ್ಷಣಿಕ ವರ್ಷ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಊರು, ತಾಲೂಕು, ವರ್ಷ, ಹೆಸರು ಯಾವುದನ್ನೂ ಹೇಳುತ್ತಿಲ್ಲ. ಗುರುತು ಸಿಗುವಂಥ ಸಣ್ಣ ವಿವರಗಳನ್ನೂ ಬಿಟ್ಟಿದ್ದೇನೆ. ಆ ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಶಿಕ್ಷಕರ ತರಬೇತಿಯ ಕೆಲಸ ಮಾಡುತ್ತಿದ್ದೆ, ಹಾಗಾಗಿ ಇದನ್ನು ಹತ್ತಿರದಿಂದ ನೋಡಿದೆ. ಇಂಥದ್ದೇ ಶಾಲೆಗಳಲ್ಲಿರುವ ಮುಖ್ಯ ಶಿಕ್ಷಕರಿಗೆ, ಸಿ.ಆರ್.ಪಿ.ಗಳಿಗೆ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು), ಎಸ್.ಡಿ.ಎಂ.ಸಿ. (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಉಪಯೋಗವಾಗಲಿ ಎಂಬುದೇ ಆಸೆ.

ಹಿನ್ನೆಲೆ

ಮಳೆ ನಂಬಿದ ಊರು. ತೊಗರಿ, ಹತ್ತಿ, ಸ್ವಲ್ಪ ಜೋಳ. ದೀಪಾವಳಿ ಮುಗಿಯುತ್ತಿದ್ದಂತೆ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಹತ್ತಿ ಬಿಡಿಸಲು ಹೋಗುತ್ತಾರೆ, ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮಕ್ಕಳು ಕೆಲವೊಮ್ಮೆ ಜೊತೆಗೆ ಹೋಗುತ್ತಾರೆ, ಕೆಲವೊಮ್ಮೆ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹೋದವರು ಯುಗಾದಿ ಹೊತ್ತಿಗೆ ವಾಪಸ್ಸು ಬರುತ್ತಾರೆ. ನಡುನಡುವೆ ಜಾತ್ರೆಗೆ, ಮದುವೆಗೆ ಬಂದು ಎರಡು ವಾರ ಇದ್ದು ಮತ್ತೆ ಹೋಗುವವರೂ ಇದ್ದಾರೆ. ಪಕ್ಕದ ತಾಂಡಾದಿಂದಲೂ ಒಂದಷ್ಟು ಮಕ್ಕಳು ಈ ಶಾಲೆಗೇ ಬರುತ್ತಾರೆ. ಅವರ ಮನೆಮಾತು ಲಂಬಾಣಿ.

ಒಂದರಿಂದ ಐದನೇ ತರಗತಿ, ಐವತ್ತರ ಆಸುಪಾಸು ಮಕ್ಕಳು, ಇಬ್ಬರು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಇದು ಸರಿಯೇ. ಪ್ರಾಥಮಿಕ ಹಂತದಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ ಅದರ ಅನುಸೂಚಿ. ಆದರೆ ತರಗತಿ ಐದು ಇವೆ, ಅಲ್ವಾ? ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಒಂದು ನಲಿ-ಕಲಿ ಕೋಣೆಯಲ್ಲಿ. ನಲಿ-ಕಲಿ ಎಂದರೆ ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡುಗಳ ಮೂಲಕ, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಅದನ್ನು ಸಹ ಶಿಕ್ಷಕಿ ನೋಡಿಕೊಳ್ಳುತ್ತಿದ್ದರು. ನಾಲ್ಕು, ಐದು ಇನ್ನೊಂದು ಕೋಣೆಯಲ್ಲಿ. ಅದು ಮುಖ್ಯ ಶಿಕ್ಷಕರ ಪಾಲು. ಬಿಸಿಯೂಟದ ಲೆಕ್ಕ, ಮೊಟ್ಟೆ, ಹಾಲಿನ ಪುಡಿ, ಸಮವಸ್ತ್ರ, ಆನ್‌ಲೈನ್ ಮಾಹಿತಿ, ಬ್ಯಾಂಕ್, ಮತದಾರರ ಪಟ್ಟಿ ಕೂಡ ಅವರದ್ದೇ. ವಾರಕ್ಕೆ ಒಂದೆರಡು ದಿನವಾದರೂ ಅವರು ಊರ ಹೊರಗೆ ಇರಬೇಕಾಗುತ್ತಿತ್ತು. ಆ ದಿನ ಐದೂ ತರಗತಿ ಶಿಕ್ಷಕಿಯ ಕೈಯಲ್ಲಿ.

ಸಮಸ್ಯೆ ಕಂಡದ್ದು ಹೀಗೆ

ಐದನೇ ತರಗತಿಯ ಮಕ್ಕಳ ನೋಟ್‌ಬುಕ್ ನೋಡಿದರೆ ಖುಷಿಯಾಗುತ್ತಿತ್ತು. ದುಂಡು ಅಕ್ಷರ, ಗೆರೆ ತಪ್ಪದ ಸಾಲು. ಬರೆದದ್ದನ್ನೇ ಓದು ಎಂದರೆ ಅರ್ಧದಷ್ಟು ಮಕ್ಕಳು ಸುಮ್ನೆ ನಿಲ್ಲುತ್ತಿದ್ದರು. ಹಲಗೆಯ ಮೇಲಿದ್ದದ್ದನ್ನು ಚಿತ್ರದ ಹಾಗೆ ಬರೆದುಕೊಂಡಿದ್ದರು ಅಷ್ಟೇ. ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದರು. ಕೆಲವರು ‘ಅಕ್ಕ’ ಎನ್ನುವುದನ್ನು ‘ಅಕಕ’ ಎಂದು ಬಿಡಿಸುತ್ತಿದ್ದರು.

ಆದರೆ ದಾಖಲೆಯಲ್ಲಿ ಇದು ಚೆನ್ನಾಗಿ ನಡೆಯುತ್ತಿದ್ದ ಶಾಲೆ. ಇಬ್ಬರೂ ಶಿಕ್ಷಕರು ಕರೆದ ತರಬೇತಿಗೆಲ್ಲ ಹೋಗಿದ್ದರು. ಪ್ರಮಾಣ ಪತ್ರಗಳು ಫೈಲಿನಲ್ಲಿದ್ದವು. ನಲಿ-ಕಲಿ ಕೋಣೆಯಲ್ಲಿ ಕಾರ್ಡುಗಳು ಜೋಡಿಸಿಟ್ಟ ಹಾಗೇ ಇದ್ದವು. ಪ್ರಗತಿ ನೋಟದಲ್ಲಿ, ಅಂದರೆ ಯಾವ ಮಗು ಎಲ್ಲಿಯ ತನಕ ಕಲಿತಿದೆ ಎಂದು ಗುರುತು ಹಾಕುವ ಚಾರ್ಟಿನಲ್ಲಿ, ಎಲ್ಲ ಮಕ್ಕಳೂ ಮೈಲಿಗಲ್ಲಿನಿಂದ (ಕಲಿಕೆಯ ಹಂತ) ಮೈಲಿಗಲ್ಲಿಗೆ ಸಾಗಿದ್ದರು. ಆದರೆ ಆ ಕಾರ್ಡುಗಳ ಅಂಚು ಸವೆದಿರಲಿಲ್ಲ. ಪ್ರಗತಿ ನೋಟದ ಗುರುತುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಹಾಕಿದಂತಿದ್ದವು.

ಶಿಕ್ಷಕಿಯನ್ನು ದೂರುವುದು ಸುಲಭ. ಆದರೆ ಅವರು ಸೋಮಾರಿಯಲ್ಲ. ಬೆಳಿಗ್ಗೆ ಬೇಗ ಬರುತ್ತಿದ್ದರು, ತಲೆ ಬಾಚದೆ ಬಂದ ಹುಡುಗಿಯರಿಗೆ ತಾವೇ ಜಡೆ ಹಾಕುತ್ತಿದ್ದರು. ಕೇಳಿದಾಗ ನೇರವಾಗಿ ಹೇಳಿದರು: “ಸರ್ ಇಲ್ಲದ ದಿನ ಐದು ಕ್ಲಾಸ್ ನೋಡ್ಕೋಬೇಕ್ರಿ. ಆಗ ಗುಂಪು ಮಾಡಾಕ ಆಗಂಗಿಲ್ಲ. ಹಲಗಿ ಮ್ಯಾಲ ಬರದು, ಬರ್ಕೋರಿ ಅಂತೀನಿ. ಚಾರ್ಟ್ ಮಾತ್ರ ಖಾಲಿ ಬಿಡಾಕ ಬರಂಗಿಲ್ಲಲ್ರಿ.”

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದರು. ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಯುನಿಸೆಫ್ ನೆರವು ಕೊಟ್ಟಿತು. ಒಂದು ಕಾರ್ಡು ಯಾಕಿದೆ, ಅದರ ಮುಂದಿನದು ಯಾಕೆ ಬರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. 2009-10ರಲ್ಲಿ ಅದೇ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಳ್ಳೆಯ ತೀರ್ಮಾನವೇ. ಆದರೆ ಈ ಬಾರಿ ಕಾರ್ಡುಗಳು ಪೆಟ್ಟಿಗೆಯಲ್ಲಿ ಬಂದವು, ತರಬೇತಿ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು ಬಂತು. ಕಾಲುವೆಯ ಕೊನೆಯ ಹೊಲದ ರೈತರಿಗೆ ಸಿಗುವ ನೀರಿನ ಹಾಗೆ, ಈ ಶಿಕ್ಷಕಿಗೆ ಸಿಕ್ಕಿದ್ದು ಸ್ವಲ್ಪವೇ. ಗುಂಪಿನಲ್ಲಿ ಕಲಿಸುವುದು ಹೇಗೆ ಎಂಬುದನ್ನು ಅವರಿಗೆ ಒಂದು ಹಾಲ್‌ನಲ್ಲಿ ಭಾಷಣದ ಮೂಲಕ ಹೇಳಿದ್ದರು. ಮಕ್ಕಳ ನಡುವೆ ಅದನ್ನು ಮಾಡಿ ತೋರಿಸಿದವರು ಒಬ್ಬರೂ ಇರಲಿಲ್ಲ.

ಮೊದಲು ಮಾಡಿ ನೋಡಿದ್ದು

ಓದು ಬಾರದ ಮಕ್ಕಳ ಪಟ್ಟಿ ತಯಾರಾಯಿತು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ವಿಶೇಷ ತರಗತಿ ಎಂದು ಮುಖ್ಯ ಶಿಕ್ಷಕರು ತೀರ್ಮಾನಿಸಿದರು. ಮನಸ್ಸಿಟ್ಟೇ ಮಾಡಿದರು. ಆದರೆ ಸಂಜೆ ಆಡು ಹೊಡೆದುಕೊಂಡು ಬರಬೇಕಾದವರು, ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕಾದವರು ಅದೇ ಪಟ್ಟಿಯ ಮಕ್ಕಳು. ಚೆನ್ನಾಗಿ ಓದುವವರು ಉಳಿದರು, ಓದು ಬಾರದವರು ಮನೆಗೆ ಓಡಿದರು. ಕೆಲವೇ ವಾರಗಳಲ್ಲಿ ಅದು ತಾನಾಗಿ ನಿಂತಿತು.

ಆಮೇಲೆ ಇಬ್ಬರನ್ನೂ ಮತ್ತೊಂದು ತರಬೇತಿಗೆ ಕಳಿಸಿದರು. ಅದರಿಂದ ಶಾಲೆಗೆ ಆದ ಬದಲಾವಣೆ ಎಂದರೆ ಆ ದಿನಗಳಲ್ಲಿ ಪಾಠ ನಡೆಯಲಿಲ್ಲ ಎಂಬುದು. ಇದನ್ನು ಕೋಪದಿಂದ ಹೇಳುತ್ತಿಲ್ಲ. ಎರಡೇ ಶಿಕ್ಷಕರಿರುವ ಶಾಲೆಯಲ್ಲಿ ತರಬೇತಿಯ ಬೆಲೆಯನ್ನು ಮಕ್ಕಳ ದಿನಗಳಲ್ಲೇ ಎಣಿಸಬೇಕು. ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಕೇಳುತ್ತದೆ. ಈ ಶಾಲೆಯಲ್ಲಿ ಬಾಗಿಲು ತೆರೆದಿದ್ದ ದಿನ ಮತ್ತು ನಿಜವಾಗಿ ಪಾಠ ನಡೆದ ದಿನ ಬೇರೆ ಬೇರೆ ಲೆಕ್ಕ. ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ.

ಸಿ.ಆರ್.ಪಿ. ತೆಗೆದುಕೊಂಡ ತೀರ್ಮಾನ

ಆ ಹೊತ್ತಿಗೆ ಕ್ಲಸ್ಟರಿಗೆ ಹೊಸ ಸಿ.ಆರ್.ಪಿ. ಬಂದರು. ಅದಕ್ಕೂ ಮೊದಲು ಬೇರೊಂದು ಊರಿನಲ್ಲಿ ವರ್ಷಗಟ್ಟಲೆ ನಲಿ-ಕಲಿ ತರಗತಿ ನಡೆಸಿದ್ದವರು. ಸಿ.ಆರ್.ಪಿ. ಕೆಲಸ ಎಂದರೆ ಶಾಲೆಗಳಿಗೆ ಭೇಟಿ, ನಮೂನೆ ತುಂಬುವುದು, ಮಾಹಿತಿ ಮೇಲಕ್ಕೆ ಕಳಿಸುವುದು. ಒಂದು ಶಾಲೆಗೆ ಒಂದು ಗಂಟೆ ಸಿಕ್ಕರೆ ಜಾಸ್ತಿ. ಆ ಒಂದು ಗಂಟೆಯಲ್ಲಿ ಹಾಜರಾತಿ, ಊಟದ ರಿಜಿಸ್ಟರ್, ಪ್ರಗತಿ ನೋಟ ನೋಡಿ ಸಹಿ ಹಾಕಬಹುದು. ಮಗು ಓದುತ್ತದೋ ಇಲ್ಲವೋ ನೋಡಲು ಹೊತ್ತಿರುವುದಿಲ್ಲ.

ಅವರು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಹತ್ತಿರ ಹೋಗಿ ಒಂದು ಕೋರಿಕೆ ಇಟ್ಟರು. ಕೆಲವು ಶಾಲೆಗಳಿಗೆ ಭೇಟಿ ಕಡಿಮೆ ಮಾಡುತ್ತೇನೆ, ಕಷ್ಟದಲ್ಲಿರುವ ಶಾಲೆಗಳಲ್ಲಿ ಇಡೀ ದಿನ ಕೂರುತ್ತೇನೆ ಎಂದರು. ತಿಂಗಳ ಭೇಟಿಯ ಸಂಖ್ಯೆ ಬೀಳುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಬಿ.ಇ.ಒ. ಅರ್ಧ ವರ್ಷಕ್ಕೆ ಒಪ್ಪಿದರು. ಬಾಯಿಮಾತಿನ ಒಪ್ಪಿಗೆ, ಕಾಗದದಲ್ಲಿ ಇಲ್ಲ. ಈ ಪ್ರಕರಣದಲ್ಲಿ ನಂತರ ಆದ ಒಳ್ಳೆಯದಕ್ಕೆಲ್ಲ ಈ ಒಪ್ಪಿಗೆ ಬೇರು. ಅದು ಕಾಗದದಲ್ಲಿ ಇರಲಿಲ್ಲ ಎನ್ನುವುದು ಆಮೇಲಿನ ತೊಂದರೆಗೂ ಬೇರು.

ಸಿ.ಆರ್.ಪಿ. ಬಂದ ಮೊದಲ ದಿನ ಶಿಕ್ಷಕಿಗೆ ಸಂಕೋಚ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ ಎಂದುಕೊಂಡಿದ್ದರು. ಸಿ.ಆರ್.ಪಿ. ನೇರ ನೆಲದ ಮೇಲೆ ಮಕ್ಕಳ ನಡುವೆ ಕೂತರು. ನಲಿ-ಕಲಿಯಲ್ಲಿ ಐದು ಗುಂಪು. ಶಿಕ್ಷಕರ ಪೂರ್ಣ ಸಹಾಯ ಬೇಕಾದ ಗುಂಪಿನಿಂದ ಹಿಡಿದು ತಾವೇ ಕಲಿಯುವ ಗುಂಪಿನ ತನಕ. ಅವತ್ತು ಅವರಿಗೂ ಅದು ಕೂಡಿ ಬರಲಿಲ್ಲ. ಒಂದು ಗುಂಪಿನವರು ಇನ್ನೊಂದರ ಕಾರ್ಡು ಕಿತ್ತುಕೊಂಡರು, ಇಬ್ಬರು ಅತ್ತರು. ಶಿಕ್ಷಕಿಯ ಮುಖದಲ್ಲಿ ಸಮಾಧಾನ ಕಂಡದ್ದು ಆಗಲೇ. ಇದು ನನ್ನೊಬ್ಬಳ ಕೈಲಾಗದ ಕೆಲಸ ಅಲ್ಲ, ಬಂದವರಿಗೂ ಕಷ್ಟವೇ ಎಂದು ಅವರಿಗೆ ಕಂಡಿತು. ಊಟ ಆದ ಮೇಲೆ ಇಬ್ಬರೂ ಕೂತು ಮಾತಾಡಿದರು. ಆ ಮಾತುಕತೆ ಯಾವ ತರಬೇತಿ ಹಾಲ್‌ನಲ್ಲೂ ನಡೆಯುವುದು ಸಾಧ್ಯವಿರಲಿಲ್ಲ. ಯಾಕೆಂದರೆ ಇಬ್ಬರೂ ಅದೇ ಮಕ್ಕಳನ್ನು, ಅದೇ ಬೆಳಿಗ್ಗೆ ನೋಡಿದ್ದರು.

ಐದು ಗುಂಪು ಒಂದೇ ಸಲಕ್ಕೆ ಬೇಡ, ಸದ್ಯಕ್ಕೆ ಮೂರು ಸಾಕು ಎಂದು ತೀರ್ಮಾನಿಸಿದರು. ಓದಲು ಬರುವ ಮೂರನೇ ತರಗತಿಯ ಮಕ್ಕಳನ್ನು ಚಿಕ್ಕವರ ಜೊತೆ ಕೂರಿಸಿದರು. ಶಿಕ್ಷಕಿ ಇಡೀ ಕೋಣೆ ಸುತ್ತುವುದನ್ನು ಬಿಟ್ಟು ಒಂದು ಗುಂಪಿನ ಜೊತೆ ಪೂರ್ತಿ ಕೂತರು. ಮುಖ್ಯ ಶಿಕ್ಷಕರೂ ಇದರಲ್ಲಿ ಸೇರಿದರು. ಊರ ಹೊರಗಿನ ಕೆಲಸಗಳನ್ನು ಆದಷ್ಟು ವಾರದ ಒಂದೇ ದಿನಕ್ಕೆ ಹೊಂದಿಸಿಕೊಂಡರು. ಉಳಿದ ದಿನ ಮಧ್ಯಾಹ್ನದ ತನಕ ಕಚೇರಿಯ ಫೋನ್ ಬಂದರೂ ತರಗತಿಯಿಂದ ಏಳುವುದಿಲ್ಲ ಎಂದು ತಾವೇ ನಿಯಮ ಮಾಡಿಕೊಂಡರು. ಎಲ್ಲ ವಾರವೂ ಇದು ನಡೆಯಲಿಲ್ಲ. ನಡೆದ ವಾರಗಳ ವ್ಯತ್ಯಾಸ ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಸಂದರ್ಶನ ಪುಸ್ತಕದಲ್ಲಿ ಬರೆದ ನಾಲ್ಕು ಸಾಲು

ಈ ಪ್ರಕರಣದ ನಿಜವಾದ ತಿರುವು ಇದು ಎಂದು ನಾನು ನಂಬುತ್ತೇನೆ.

ಗುಂಪು ಮಾಡಲು ಹೊರಟಾಗ ಒಂದು ವಿಷಯ ಹೊರಬಂತು. ಗುಳೆ ಹೋಗಿ ಬಂದ ಮಕ್ಕಳು ಪ್ರಗತಿ ನೋಟದಲ್ಲಿ ಎಷ್ಟೋ ಮುಂದೆ ಇದ್ದರು. ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯ ಮುಖ್ಯ ಉದ್ದೇಶವೇ ಮಗು ಬಿಟ್ಟ ಜಾಗದಿಂದ ಮತ್ತೆ ಶುರು ಮಾಡಬಹುದು ಎನ್ನುವುದು. ಗುಳೆ ಹೋಗುವ ಊರಿಗೆ ಇದಕ್ಕಿಂತ ಒಪ್ಪುವ ಪದ್ಧತಿ ಇಲ್ಲ. ಆದರೆ ಚಾರ್ಟಿನಲ್ಲಿ ಮಗುವನ್ನು ನಿಲ್ಲಿಸಿದರೆ ಶಿಕ್ಷಕಿ ಹಿಂದುಳಿದಂತೆ ಕಾಣುತ್ತದೆ. ಅದಕ್ಕೇ ಮಗು ಊರಲ್ಲಿ ಇಲ್ಲದಿದ್ದಾಗಲೂ ಅದರ ಹೆಸರು ಏಣಿ ಹತ್ತುತ್ತಿತ್ತು. ವಾಪಸ್ಸು ಬಂದ ಮಗುವಿನ ಮುಂದೆ ಅದಕ್ಕೆ ಅರ್ಥವಾಗದ ಕಾರ್ಡು ಬರುತ್ತಿತ್ತು.

ಬಂದ ಮಕ್ಕಳನ್ನು ಗೊತ್ತಿರುವ ಮೈಲಿಗಲ್ಲಿಗೆ ಇಳಿಸೋಣ ಎಂದರು ಸಿ.ಆರ್.ಪಿ. ಶಿಕ್ಷಕಿ ಗಾಬರಿಯಾದರು. “ಮೇಡಂ, ಮಕ್ಕಳು ಹಿಂದ ಹೋಗ್ಯಾರ ಅಂತ ಬರದ್ರ ನಾಳೆ ಕೇಳಿದವರಿಗೆಲ್ಲ ಏನಂತ ಉತ್ತರ ಕೊಡ್ಲಿರಿ?”

ಸಿ.ಆರ್.ಪಿ. ಸಂದರ್ಶನ ಪುಸ್ತಕ ತರಿಸಿದರು. ಪ್ರಗತಿ ನೋಟದಲ್ಲಿ ಮಕ್ಕಳನ್ನು ಅವರಿರುವ ಜಾಗಕ್ಕೇ ತಂದು ತೋರಿಸಲು ತಾವೇ ಸೂಚಿಸಿರುವುದಾಗಿ, ಇದನ್ನು ಶಿಕ್ಷಕಿಯ ಲೋಪ ಎಂದು ಪರಿಗಣಿಸಬಾರದೆಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ನಾಲ್ಕು ಸಾಲು. ಅವತ್ತಿನಿಂದ ಆ ಚಾರ್ಟು ನಿಜ ಹೇಳಲು ಶುರು ಮಾಡಿತು. ಅರ್ಧಕ್ಕೂ ಜಾಸ್ತಿ ಮಕ್ಕಳ ಗುರುತು ಒಂದೇ ವಾರದಲ್ಲಿ ಹಿಂದಕ್ಕೆ ಬಂತು.

ಹೊಸ ವಿಧಾನ ಕಲಿಸಿದ್ದು ಇದರ ಮುಂದೆ ಸಣ್ಣ ಕೆಲಸ. ಶಿಕ್ಷಕಿಗೆ ವಿಧಾನ ಅಷ್ಟಿಷ್ಟು ಗೊತ್ತಿತ್ತು. ನಿಜ ಬರೆದರೆ ಪೆಟ್ಟು ಬೀಳುವುದಿಲ್ಲ ಎಂಬ ಭರವಸೆ ಮಾತ್ರ ಅವರಿಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ಶಾಲಾ ಆಡಳಿತ ಮತ್ತು ಶಿಕ್ಷಕರ ತರಬೇತಿ ಎರಡು ಬೇರೆ ವಿಭಾಗ ಎಂದು ನಾವು ಅಂದುಕೊಳ್ಳುತ್ತೇವೆ. ಈ ಕೋಣೆಯಲ್ಲಿ ಅವು ಎರಡೂ ಒಂದೇ ಪುಸ್ತಕದ ಒಂದೇ ಪುಟದಲ್ಲಿದ್ದವು.

ಅಮಾವಾಸ್ಯೆಯ ಸಭೆ

ಕರ್ನಾಟಕದಲ್ಲಿ ಎಸ್.ಡಿ.ಎಂ.ಸಿ. 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು, ಅರ್ಧದಷ್ಟು ಮಹಿಳೆಯರು ಇರಬೇಕು ಎಂಬುದು ದೇಶಕ್ಕೆಲ್ಲ ನಿಯಮವಾಯಿತು. ಈ ಶಾಲೆಯಲ್ಲೂ ಸಮಿತಿ ಇತ್ತು. ನಡಾವಳಿ ಪುಸ್ತಕ ಮನೆ ಮನೆಗೆ ಹೋಗಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿತ್ತು. ಸಭೆ ಕರೆದರೆ ಬರುತ್ತಿದ್ದವರು ಮೂರೋ ನಾಲ್ಕೋ ಗಂಡಸರು. ಮಾತೆಲ್ಲ ಕಾಂಪೌಂಡು ಮತ್ತು ಸೋರುವ ಚಾವಣಿಯ ಬಗ್ಗೆ. ಅವೂ ಬೇಕಾದ ಮಾತುಗಳೇ.

ತಾಯಂದಿರು ಯಾಕೆ ಬರುವುದಿಲ್ಲ ಎಂದು ಮುಖ್ಯ ಶಿಕ್ಷಕರು ಅಡುಗೆಯವರನ್ನು ಕೇಳಿದರು. ಕೂಲಿ ಬಿಟ್ಟು ಯಾರು ಬರ್ತಾರ್ರಿ ಎಂದರು ಅವರು. ಅಮಾವಾಸ್ಯೆ ದಿನ ಆ ಊರಲ್ಲಿ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ಕಡಿಮೆ. ಸಭೆಯನ್ನು ಆ ದಿನಕ್ಕೆ ಇಡಿ ಎಂದು ಸೂಚಿಸಿದವರೂ ಅವರೇ. ಮುಖ್ಯ ಶಿಕ್ಷಕರು ಒಪ್ಪಿದರು.

ಮೊದಲ ಅಮಾವಾಸ್ಯೆಗೆ ತಾಯಂದಿರು ಬಂದರು. ಬಂದು ಬೈದರು. “ಅಕ್ಕೋರೆ, ಅ ಆ ಇ ಈ ಬಿಟ್ಟು ಇದೇನ್ರಿ ರ ಗ ಸ ದ ಅಂತೀರಿ?” ಬಹುಕಾಲದ ಸಿಟ್ಟು ಅದು. ಶಿಕ್ಷಕಿ ವಾದ ಮಾಡಲಿಲ್ಲ. ರ, ಗ, ಸ, ದ, ಅ ಇವಿಷ್ಟನ್ನೇ ಹಲಗೆಯ ಮೇಲೆ ಬರೆದು ‘ಅರ’, ‘ಸರ’, ‘ದರ’, ‘ಅರಸ’ ಮಾಡಿ ತೋರಿಸಿದರು. ಐದು ಅಕ್ಷರ ಬಂದರೆ ಮಗು ಅಷ್ಟರಲ್ಲೇ ಪದ ಓದುತ್ತದೆ, ಐವತ್ತೂ ಬರುವ ತನಕ ಕಾಯಬೇಕಿಲ್ಲ ಎಂದರು. ಅಕ್ಷರ ಬಾರದ ಒಬ್ಬ ತಾಯಿ ಎದ್ದು ಬಂದು ‘ಸರ’ ಮೇಲೆ ಬೆರಳಿಟ್ಟು ತಾವೇ ಓದಿದರು. ಆ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಎರಡನೇ ಸಭೆಗೆ ಮಕ್ಕಳಿಂದ ಓದಿಸೋಣ ಎಂಬ ಮಾತು ಬಂತು. ಅಧ್ಯಕ್ಷರು ಎಲ್ಲರ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಬೇಕು ಎಂದರು. ಶಿಕ್ಷಕಿ ಬೇಡವೆಂದರು, ಗಟ್ಟಿಯಾಗಿಯೇ. ಓದು ಬಾರದ ಮಗು ಊರ ಮುಂದೆ ತಲೆ ತಗ್ಗಿಸಿದರೆ ಮರುದಿನ ಶಾಲೆಗೆ ಬರುವುದಿಲ್ಲ ಎಂದರು. ಪ್ರತಿ ಮಗು ತನ್ನ ತಾಯಿ ಅಥವಾ ಅಜ್ಜಿಯ ಪಕ್ಕ ಕೂತು ಅವರಿಗೊಬ್ಬರಿಗೇ ಓದಬೇಕು ಎಂದು ಕೊನೆಗೆ ಒಪ್ಪಿಗೆಯಾಯಿತು. ಕೋಣೆಯಲ್ಲಿ ಜೇನುಗೂಡು ಕೆದಕಿದಷ್ಟು ಗದ್ದಲ. ಎರಡು ಸಾಲು ಓದಿದ ಮಕ್ಕಳಿದ್ದರು, ಒಂದೇ ಪದ ಓದಿದ ಮಕ್ಕಳೂ ಇದ್ದರು. ಯಾರಿಗೂ ಅವಮಾನವಾಗಲಿಲ್ಲ.

ಅಲ್ಲಿಂದ ಸಮಿತಿಯ ಕೆಲಸ ಬದಲಾಯಿತು. ಬಿಸಿಯೂಟದ ಹೊತ್ತಿನಲ್ಲಿ ಸದಸ್ಯರು ಸರದಿಯ ಮೇಲೆ ಬಂದು ನಿಂತರು, ಶಿಕ್ಷಕರಿಗೆ ಆ ಅರ್ಧ ಗಂಟೆ ಉಳಿಯಿತು. ಗುಳೆ ಹೋಗುವ ಮನೆಯವರು ಹೊರಡುವ ಮೊದಲು ಶಾಲೆಗೆ ಹೇಳಿ ಹೋಗಬೇಕು ಎಂದು ಸಮಿತಿಯೇ ಹೇಳಿತು. ಕೆಲವು ಅಜ್ಜಿಯರು ಮಕ್ಕಳನ್ನು ಉಳಿಸಿಕೊಂಡರು. ಎಲ್ಲರೂ ಅಲ್ಲ. ನೋಡಿಕೊಳ್ಳುವವರು ಇಲ್ಲದ ಮನೆಗೆ ಬುದ್ಧಿ ಹೇಳಿ ಏನು ಪ್ರಯೋಜನ? ಅಂಥ ಮಕ್ಕಳ ಕೈಗೆ ಶಿಕ್ಷಕಿ ಒಂದೆರಡು ಕಥೆ ಪುಸ್ತಕ ಕೊಟ್ಟು ಕಳಿಸಿದರು. ಕೆಲವು ಪುಸ್ತಕ ವಾಪಸ್ಸು ಬಂದವು, ಕೆಲವು ಬರಲಿಲ್ಲ. ಕೊಡುವುದನ್ನು ಅವರು ನಿಲ್ಲಿಸಲಿಲ್ಲ.

ಸಮಾಲೋಚನಾ ಸಭೆ

ಕ್ಲಸ್ಟರಿನ ಸಮಾಲೋಚನಾ ಸಭೆಯನ್ನೂ ಸಿ.ಆರ್.ಪಿ. ಬದಲಿಸಿದರು. ಸುತ್ತೋಲೆಗಳನ್ನು ವಾಟ್ಸಾಪ್‌ನಲ್ಲಿ ಮೊದಲೇ ಕಳಿಸಿದರು. ಸಭೆಗೆ ಪ್ರತಿಯೊಬ್ಬರೂ ಒಂದು ಮಗುವಿನ ನೋಟ್‌ಬುಕ್ ತರಬೇಕು, ಮಗುವಿನ ಹೆಸರು ಮುಚ್ಚಿ. ಹಿರಿಯ ಶಿಕ್ಷಕರೊಬ್ಬರು ಆಕ್ಷೇಪಿಸಿದರು. “ಇದು ನಮ್ಮನ್ನ ಪರೀಕ್ಷಾ ಮಾಡಿದಂಗ ಆತಲ್ರಿ ಮೇಡಂ.” ಸಿ.ಆರ್.ಪಿ. ತಾವು ಮೊದಲು ಕಲಿಸಿದ್ದ, ಕೊನೆಗೂ ಓದು ಹತ್ತದ ಒಬ್ಬ ಹುಡುಗನ ಪುಸ್ತಕವನ್ನೇ ಮೊದಲು ಮುಂದಿಟ್ಟರು. ಆಮೇಲೆ ಚೀಲಗಳಿಂದ ಒಂದೊಂದೇ ಪುಸ್ತಕ ಹೊರಬಂತು.

ಅಲ್ಲಿ ನಡೆದ ಒಂದು ಚರ್ಚೆ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸಿತು. ‘ಅವನು ಮನೆಗೆ ಹೋದನು’ ಎಂಬ ಸಾಲನ್ನು ಒಬ್ಬ ಹುಡುಗಿ ‘ಅಂವ ಮನಿಗೆ ಹೋದ’ ಎಂದು ಓದಿದ್ದಳು. ತಪ್ಪು ಎಂದು ಗುರುತು ಹಾಕಿದ್ದರು. ಆಕೆ ಸಾಲಿನ ಅರ್ಥ ಹಿಡಿದು ತನ್ನ ಮನೆಯ ಮಾತಿನಲ್ಲಿ ಹೇಳಿದ್ದಾಳೆ, ಇದು ಓದು ಬಾರದ ಮಗುವಿನ ತಪ್ಪಲ್ಲ ಎಂದು ಅದೇ ಹಿರಿಯ ಶಿಕ್ಷಕರು ವಾದಿಸಿದರು. ‘ಅಕಕ’ ಎನ್ನುವ ಮಗುವಿಗೆ ಒತ್ತಕ್ಷರ ಬೇಕು, ‘ಅಂವ’ ಎನ್ನುವ ಮಗುವಿಗೆ ಪುಸ್ತಕದ ಭಾಷೆಯ ಬಳಕೆ ಬೇಕು, ತಾಂಡಾದ ಮಗುವಿಗೆ ಮೊದಲು ಕನ್ನಡದಲ್ಲಿ ಮಾತು ಬೇಕು. ಮೂವರನ್ನೂ ಒಂದೇ ಪಟ್ಟಿಯಲ್ಲಿ ‘ಓದು ಬಾರದವರು’ ಎಂದು ಹಾಕಿ ಒಂದೇ ಮದ್ದು ಕೊಟ್ಟದ್ದರಿಂದಲೇ ಆ ಸಂಜೆಯ ತರಗತಿ ಬಂದ ಮಕ್ಕಳಿಗೂ ಹೆಚ್ಚು ಉಪಯೋಗಕ್ಕೆ ಬಂದಿರಲಿಲ್ಲ.

ಆಮೇಲೆ ಏನಾಯಿತು

ಎರಡನೇ ವರ್ಷದ ಕೊನೆಗೆ ಮೂರನೇ ತರಗತಿಯ ಹೆಚ್ಚಿನ ಮಕ್ಕಳು ಹಿಂದೆ ಓದಿರದ ಸಣ್ಣ ಕಥೆಯೊಂದನ್ನು ತಾವೇ ಓದಿ ಹೇಳುತ್ತಿದ್ದರು. ಕಾರ್ಡುಗಳ ಅಂಚು ಸವೆದು, ಕೆಲವಕ್ಕೆ ಅಂಟು ಪಟ್ಟಿ ಹಾಕಬೇಕಾಯಿತು. ನಾಲ್ಕು, ಐದನೇ ತರಗತಿಯಲ್ಲಿ ಫಲ ಕಡಿಮೆ. ಅಲ್ಲಿ ಏಣಿಯೂ ಇಲ್ಲ, ಕಾರ್ಡೂ ಇಲ್ಲ, ಪಠ್ಯಪುಸ್ತಕ ಮಾತ್ರ. ಮೊದಲ ವರ್ಷ ಐದನೇ ತರಗತಿ ಮುಗಿಸಿದವರಲ್ಲಿ ಕೆಲವರು ಓದು ಬಾರದೆಯೇ ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋದರು. ಅವರ ವಿಷಯದಲ್ಲಿ ಈ ಪ್ರಯತ್ನ ತಡವಾಯಿತು.

ನಂತರ ಮುಖ್ಯ ಶಿಕ್ಷಕರಿಗೆ ಕೋರಿಕೆಯ ವರ್ಗಾವಣೆ ಸಿಕ್ಕಿತು. ಬಿ.ಇ.ಒ. ಬದಲಾದರು. ಬಾಯಿಮಾತಿನ ಒಪ್ಪಿಗೆ ಅವರ ಜೊತೆಗೇ ಹೋಯಿತು. ಭೇಟಿಯ ಸಂಖ್ಯೆ ಯಾಕೆ ಕಡಿಮೆ ಎಂದು ಸಿ.ಆರ್.ಪಿ.ಗೆ ಕೇಳಿದರು. ಅವರು ಮತ್ತೆ ಒಂದು ಗಂಟೆಯ ಭೇಟಿಗೆ ಮರಳಬೇಕಾಯಿತು, ಅವಧಿ ಮುಗಿದ ಮೇಲೆ ಬೇರೆ ಶಾಲೆಗೆ ಶಿಕ್ಷಕಿಯಾಗಿ ಹೋದರು. ಹೊಸ ಮುಖ್ಯ ಶಿಕ್ಷಕರು ಎಸ್.ಡಿ.ಎಂ.ಸಿ. ಸಭೆಯನ್ನು ತಮಗೆ ಅನುಕೂಲವಾದ ದಿನಕ್ಕೆ ಇಟ್ಟರು. ತಾಯಂದಿರು ಮತ್ತೆ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಮೂವರು ತಾಯಂದಿರೇ ಶಾಲೆಗೆ ಬಂದು, ಅಮಾವಾಸ್ಯೆ ಸಭೆ ಯಾಕೆ ನಿಂತಿತು ಎಂದು ಕೇಳಿದರು. ಅವರು ಕೇಳಿದ್ದಕ್ಕೇ ಅದು ಮತ್ತೆ ಶುರುವಾಯಿತು.

ಏನು ಉಳಿಯಿತು, ಏನು ಹೋಯಿತು ನೋಡಿ. ಅಧಿಕಾರಿಯ ಒಳ್ಳೆಯತನದ ಮೇಲೆ ನಿಂತದ್ದು ಹೋಯಿತು. ಶಿಕ್ಷಕಿಯ ಕೈಗೆ ಹತ್ತಿದ್ದು ಉಳಿಯಿತು. ತಾಯಂದಿರು ತಮ್ಮದು ಎಂದುಕೊಂಡದ್ದು ನಿಂತು ಮತ್ತೆ ಎದ್ದಿತು. ಬೇರೆ ಕ್ಲಸ್ಟರುಗಳು ಇದನ್ನು ಮಾಡುವುದಾದರೆ ನನ್ನ ಸಲಹೆ ಎರಡೇ. ಸಿ.ಆರ್.ಪಿ.ಗಳ ಇಡೀ ದಿನದ ಭೇಟಿಯನ್ನು ಬರವಣಿಗೆಯ ಆದೇಶದಲ್ಲಿ ಪಡೆಯಿರಿ, ಭೇಟಿಯ ಲೆಕ್ಕವನ್ನು ಆ ಆದೇಶದಲ್ಲೇ ಬದಲಿಸಿಕೊಳ್ಳಿ. ಮತ್ತು ಪ್ರಗತಿ ನೋಟದಲ್ಲಿ ಮಗು ಹಿಂದಕ್ಕೆ ಬಂದರೆ ಶಿಕ್ಷಕರನ್ನು ಪ್ರಶ್ನಿಸುವುದಿಲ್ಲ ಎಂಬುದನ್ನು ತಾಲೂಕು ಮಟ್ಟದಲ್ಲೇ ಹೇಳಿಸಿ. ಒಬ್ಬ ಸಿ.ಆರ್.ಪಿ.ಯ ಧೈರ್ಯದ ಮೇಲೆ ಅದು ನಿಲ್ಲಬಾರದು.

ಶಿಕ್ಷಕಿ ಇನ್ನೂ ಅದೇ ಶಾಲೆಯಲ್ಲಿದ್ದಾರೆ. ಐದನೇ ತರಗತಿ ಮುಗಿಸಿದ ಪ್ರತಿ ಮಗುವಿನ ಬಗ್ಗೆ ಈಗ ಒಂದು ಪುಟ ಬರೆಯುತ್ತಾರೆ: ಏನು ಓದುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ತಿಂಗಳು ಊರಲ್ಲಿ ಇರುವುದಿಲ್ಲ. ವರ್ಗಾವಣೆ ಪತ್ರದ ಜೊತೆ ಅದನ್ನೂ ಹಿರಿಯ ಪ್ರಾಥಮಿಕ ಶಾಲೆಗೆ ಕಳಿಸುತ್ತಾರೆ. ಇದನ್ನು ಯಾವ ನಮೂನೆಯೂ ಕೇಳುವುದಿಲ್ಲ. ಆ ಶಾಲೆಯ ಆರನೇ ತರಗತಿಯ ಶಿಕ್ಷಕರು ಉಳಿದ ಊರುಗಳ ಶಾಲೆಗಳಿಂದಲೂ ಇಂಥದ್ದೇ ಒಂದು ಪುಟ ಬೇಕೆಂದು ಸಮಾಲೋಚನಾ ಸಭೆಯಲ್ಲಿ ಕೇಳಿದ್ದಾರೆ. ಎರಡು ಶಾಲೆಗಳು ಒಪ್ಪಿವೆ.